ಪಬ್ಲಿಕ್ ಪಾಲಿಸಿ ಮಾಸ್ಟರ್ಸ್: ಪೊವಾಯಿಯೋ, ಪರದೇಶವೋ? ಎಸ್‌ಒಪಿ ನೋಡಿ ಬೈಯಿರಿ

ಸ್ಲೋ ಲೋಕಲ್:
ಎಲ್ಲರಿಗೂ ನಮಸ್ಕಾರ. ಗಣಪತಿ ವಿಸರ್ಜನೆ ಮುಗಿದು, ಕಿವಿಯಲ್ಲಿ ಇನ್ನೂ ಢೋಲು ಬಡಿಯುತ್ತಿರುವಾಗ ಇದನ್ನು ಬರೆಯುತ್ತಿದ್ದೇನೆ.

ನಾನು ಮುಂಬೈ ಹತ್ತಿರದ ಡೊಂಬಿವಲಿಯವಳು. ಬಿ.ಕಾಂ ಮುಗಿಸಿ ಎರಡೂವರೆ ವರ್ಷದಿಂದ ಒಂದು ಎನ್‌ಜಿಒದಲ್ಲಿ ಕೆಲಸ. ಶಾಲೆಗಳಿಗೆ ಹೋಗುವುದು, ಮಾಹಿತಿ ತರುವುದು, ಎಕ್ಸೆಲ್‌ಗೆ ಹಾಕುವುದು. ಅಪ್ಪ ಫೋರ್ಟ್‌ನ ಒಂದು ಹೋಟೆಲಿನಲ್ಲಿ ಗಲ್ಲಾದಲ್ಲಿ ಕೂರುತ್ತಾರೆ. ಅಮ್ಮ ಮನೆಯಲ್ಲೇ ಟೈಲರಿಂಗ್. ಮುಂದಿನ ವರ್ಷ ಪಬ್ಲಿಕ್ ಪಾಲಿಸಿಯಲ್ಲಿ, ಅಂದರೆ ಸರ್ಕಾರದ ನೀತಿಗಳ ಓದಿನಲ್ಲಿ, ಮಾಸ್ಟರ್ಸ್‌ಗೆ ಸೇರಬೇಕು ಅಂತ ಆಸೆ. ದೊಡ್ಡಪ್ಪನಿಗೆ ಹೇಳಿದರೆ "ಪಾಲಿಸಿ ಅಂದರೆ ಎಲ್‌ಐಸಿಯದಾ?" ಅಂತ ಕೇಳಿದರು. ತಮಾಷೆಗಲ್ಲ, ನಿಜವಾಗಿ ಕೇಳಿದರು.

ಇಲ್ಲೇ ಪೊವಾಯಿಯ ಐಐಟಿ, ಟಿಸ್ (ಟಾಟಾ ಇನ್‌ಸ್ಟಿಟ್ಯೂಟ್ ಆಫ್ ಸೋಶಿಯಲ್ ಸೈನ್ಸಸ್) ಅಂತ ನೋಡಲೋ, ಹೊರಗೆ ಹಾಕಲೋ? ಬಿ.ಕಾಂನವರನ್ನು ತಗೊಳ್ಳುತ್ತಾರಾ? ದುಡ್ಡು ಎಲ್ಲಿಂದ? ಇಷ್ಟು ಗೊತ್ತಾಗಬೇಕು. ಜೊತೆಗೆ ಎಸ್‌ಒಪಿಯ, ಅಂದರೆ ಯಾಕೆ ಓದಬೇಕು ಅಂತ ಅರ್ಜಿಯ ಜೊತೆ ಬರೆಯುವ ಸ್ಟೇಟ್‌ಮೆಂಟ್ ಆಫ್ ಪರ್ಪಸ್‌ನ, ಮೊದಲ ಪ್ಯಾರಾ ಬರೆದಿದ್ದೇನೆ. ಕನ್ನಡದಲ್ಲಿ ಹೇಳುವುದಾದರೆ ಹೀಗಿದೆ:

"ಬಾಲ್ಯದಿಂದಲೂ ನನಗೆ ಸಮಾಜಸೇವೆಯಲ್ಲಿ ಅಪಾರ ಆಸಕ್ತಿ. ಭಾರತದಂಥ ವೈವಿಧ್ಯಮಯ ದೇಶದಲ್ಲಿ ಶಿಕ್ಷಣವೇ ಬದಲಾವಣೆಯ ಕೀಲಿಕೈ ಎಂದು ನಾನು ದೃಢವಾಗಿ ನಂಬಿದ್ದೇನೆ. ಬಡಮಕ್ಕಳ ಬಾಳಿನಲ್ಲಿ ಬೆಳಕು ತರುವ ನೀತಿಗಳನ್ನು ರೂಪಿಸುವುದು ನನ್ನ ಕನಸು."

ಬೈಯಿರಿ, ಪರವಾಗಿಲ್ಲ.

ಮಾಟುಂಗಾ ಫಿಲ್ಟರ್ ಕಾಫಿ:
ಬೈಯುವುದಿಲ್ಲ ಮಗಳೇ, ಆದರೆ ಒಂದು ಪರೀಕ್ಷೆ ಮಾಡಿ ನೋಡು. ಈ ಪ್ಯಾರಾದಿಂದ ನಿನ್ನ ಹೆಸರು ತೆಗೆದು ನನ್ನ ಕ್ಲಾಸಿನ ಯಾವ ಹುಡುಗಿಯ ಹೆಸರು ಹಾಕಿದರೂ ನಡೆಯುತ್ತದೆ. ನಾನು ಕಾಲೇಜಿನಲ್ಲಿ ಪಾಠ ಮಾಡುವವಳು, ವರ್ಷಕ್ಕೆ ಹತ್ತಿಪ್ಪತ್ತು ಎಸ್‌ಒಪಿ ಓದುತ್ತೇನೆ. ಎಲ್ಲದರಲ್ಲೂ ಬಾಲ್ಯ ಇದೆ, ಕೀಲಿಕೈ ಇದೆ, ಬೆಳಕು ಇದೆ. ಬೀಗ ಎಲ್ಲಿದೆ ಅಂತ ಮಾತ್ರ ಯಾರೂ ಬರೆಯುವುದಿಲ್ಲ.

ಘಾಟ್‌ಕೋಪರ್ ಗಿರಿ:
ಇಷ್ಟೆಲ್ಲ ಯಾಕೆ? ಯುಪಿಎಸ್‌ಸಿ ಬರೆಯಿರಿ. ಐಎಎಸ್ ಆದರೆ ಪಾಲಿಸಿ ನೀವೇ ಮಾಡಬಹುದಲ್ಲ.

ಪೊವಾಯಿ ಕೆರೆದಂಡೆ:
ಗಿರಿಯವರೇ, ಇದನ್ನು ನನ್ನ ಮದುವೆ ಮಾತುಕತೆಯಲ್ಲೂ ಕೇಳಿದ್ದರು. ಯುಪಿಎಸ್‌ಸಿ ಒಂದು ನೌಕರಿಯ ಪರೀಕ್ಷೆ, ಇದು ಒಂದು ಓದು. ಎಂಪಿಪಿ (ಮಾಸ್ಟರ್ ಆಫ್ ಪಬ್ಲಿಕ್ ಪಾಲಿಸಿ) ಮಾಡಿದವರನ್ನು ಯಾರೂ ಕಲೆಕ್ಟರ್ ಮಾಡುವುದಿಲ್ಲ. ಅದು ಮೊದಲೇ ತಿಳಿದಿರಲಿ.

ಈಗ ಸ್ಲೋ ಲೋಕಲ್ ಅವರಿಗೆ. ನಾನು ಐಐಟಿ ಬಾಂಬೆಯಲ್ಲಿ ಎಂಪಿಪಿ ಮಾಡಿದವನು. ಅಲ್ಲಿನ ಅಶಾಂಕ್ ದೇಸಾಯಿ ಸೆಂಟರ್ ಫಾರ್ ಪಾಲಿಸಿ ಸ್ಟಡೀಸ್ ಈ ಕೋರ್ಸನ್ನು 2019ರಲ್ಲಿ ಶುರು ಮಾಡಿತು. ಎರಡು ವರ್ಷದ್ದು. ಐಐಟಿ ಅಂತ ಹೆದರಬೇಡಿ, ಬಿ.ಕಾಂನವರು, ವಕೀಲರು, ಎಂಜಿನಿಯರ್‌ಗಳು ಎಲ್ಲ ಒಂದೇ ಬೆಂಚಿನಲ್ಲಿ ಕೂರುತ್ತಾರೆ. ಲಿಖಿತ ಪರೀಕ್ಷೆ, ಆಮೇಲೆ ಸಂದರ್ಶನ. ಪರೀಕ್ಷೆಯಲ್ಲಿ ಎಷ್ಟು ಗೊತ್ತು ಅನ್ನುವುದಕ್ಕಿಂತ ಹೇಗೆ ಯೋಚಿಸುತ್ತೀರಿ ಅನ್ನುವುದೇ ಮುಖ್ಯ ಅಂತ ನನಗೆ ಅನಿಸಿತ್ತು.

ಟಿಸ್ ಬಗ್ಗೆ ಒಂದು ಗೊಂದಲ ಎಲ್ಲರಿಗೂ ಇರುತ್ತದೆ. ಮುಂಬೈ ಡಿಯೋನಾರ್‌ನ ಟಿಸ್ 1936ರದು. ಆದರೆ ಪಬ್ಲಿಕ್ ಪಾಲಿಸಿ ಅನ್ನುವ ಹೆಸರಿನ ಎಂಎ ಬಂದದ್ದು ಅದರ ಹೈದರಾಬಾದ್ ಕ್ಯಾಂಪಸ್ಸಿನಲ್ಲಿ. ಡಿಯೋನಾರ್‌ನಲ್ಲಿ ನಗರ, ನೀರು ಹೀಗೆ ಒಂದೊಂದು ವಿಷಯ ಹಿಡಿದ ಪಾಲಿಸಿ ಕೋರ್ಸುಗಳು. ಮೊದಲು ಟಿಸ್‌ನದೇ ಪರೀಕ್ಷೆ ಇತ್ತು, 2023ರಿಂದ ಸಿಯುಇಟಿ-ಪಿಜಿ ಅನ್ನುವ ದೇಶಕ್ಕೆಲ್ಲ ಒಂದೇ ಪ್ರವೇಶ ಪರೀಕ್ಷೆ. ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲಿನಲ್ಲಿ 2014ರಿಂದ ಎಂಪಿಪಿ ಇದೆ, ಅದಕ್ಕೆ ಅವರದೇ ಪರೀಕ್ಷೆ, ಎನ್‌ಎಲ್‌ಸ್ಯಾಟ್. ಅದರಲ್ಲಿ ಟಿಕ್ ಮಾಡುವ ಪ್ರಶ್ನೆಗಳ ಜೊತೆ ಉದ್ದುದ್ದ ಉತ್ತರ ಬರೆಯುವುದೂ ಇದೆ. ಮುಂಬೈ ಸೇಂಟ್ ಝೇವಿಯರ್ಸ್‌ನಲ್ಲೂ ಒಂದು ಎಂಎ ಇದೆ.

ಹೊರಗೆ ಅಂದರೆ ಹಾರ್ವರ್ಡ್ ಕೆನಡಿ ಸ್ಕೂಲಿನ ಎಂಪಿಪಿ, ಸಿಂಗಪುರದ ಲೀ ಕ್ವಾನ್ ಯೂ ಸ್ಕೂಲಿನ ಎಂಪಿಪಿ ಎರಡೆರಡು ವರ್ಷ. ಆಕ್ಸ್‌ಫರ್ಡಿನ ಬ್ಲಾವಟ್ನಿಕ್ ಸ್ಕೂಲಿನದು ಒಂದೇ ವರ್ಷ. ಒಂದು ವರ್ಷ ಅಂದರೆ ಬಾಡಿಗೆ, ಊಟ ಒಂದೇ ವರ್ಷದ್ದು, ಸಂಬಳ ತಪ್ಪುವುದೂ ಒಂದೇ ವರ್ಷ. ಫೀಸು ಮಾತ್ರ ನೋಡಿ ಲೆಕ್ಕ ಹಾಕಬೇಡಿ.

ಸ್ಲೋ ಲೋಕಲ್:
ಥ್ಯಾಂಕ್ಸ್ ಅಣ್ಣ. ಮುಗಿದ ಮೇಲೆ ಕೆಲಸ ಏನು ಸಿಗುತ್ತದೆ? ಅಪ್ಪ ಕೇಳುವುದು ಅದೊಂದನ್ನೇ.

ಪೊವಾಯಿ ಕೆರೆದಂಡೆ:
ನನ್ನ ಜೊತೆಯವರಲ್ಲಿ ಕೆಲವರು ಕನ್ಸಲ್ಟಿಂಗ್ ಕಂಪನಿಗಳಲ್ಲಿದ್ದಾರೆ. ಅಂದರೆ ಸರ್ಕಾರಿ ಇಲಾಖೆಯೊಳಗೆ ಪಿಎಂಯು ಅಂತ ಒಂದು ಮೂಲೆ ಇರುತ್ತದೆ, ಅಲ್ಲಿ ಕೂತು ಪಿಪಿಟಿ ಮಾಡುವುದು. ಕೆಲವರು ಥಿಂಕ್ ಟ್ಯಾಂಕ್ ಅನ್ನುವ ಸಂಶೋಧನಾ ಸಂಸ್ಥೆಗಳಲ್ಲಿ, ಕೆಲವರು ಸಿಎಸ್‌ಆರ್, ಅಂದರೆ ಕಂಪನಿಗಳ ಸಮಾಜಸೇವೆ ವಿಭಾಗದಲ್ಲಿ. ಒಬ್ಬಳು ಪಿಎಚ್‌ಡಿ. ಸಂಬಳದಲ್ಲಿ ಎಂಬಿಎ ಜೊತೆ ಹೋಲಿಸಿದರೆ ಬೇಜಾರಾಗುತ್ತದೆ, ಹೋಲಿಸಲೇಬೇಡಿ. ಅಪ್ಪನಿಗೆ ಸುಳ್ಳು ಭರವಸೆ ಕೊಡಬೇಡಿ.

ಕೋಥ್ರೂಡ್ ಕಾಕಾ:
ತಂಗಿ, ನಾನು ಧಾರವಾಡ ಕಡೆಯವನು. ಪುಣೆಗೆ ಬಂದು ಮೂವತ್ತು ವರ್ಷದ ಮೇಲಾಯಿತು. ಬ್ಯಾಂಕಿನಲ್ಲಿ ಸಾಲದ ಟೇಬಲ್ಲಿನಲ್ಲೇ ಕೂತು ರಿಟೈರ್ ಆದವನು. ದುಡ್ಡಿನ ಮಾತು ನಾನು ಹೇಳುತ್ತೇನೆ, ಬೇರೆಯವರು ಇದನ್ನು ಕೊನೆಗೆ ಹೇಳುತ್ತಾರೆ, ಅದು ತಪ್ಪು.

ಶಿಕ್ಷಣ ಸಾಲದಲ್ಲಿ ಏಳೂವರೆ ಲಕ್ಷದ ತನಕ ಆಸ್ತಿ ಅಡ ಇಲ್ಲದೆ ಸಾಗುತ್ತದೆ. ಅದಕ್ಕಿಂತ ಮೇಲೆ ಸರ್ಕಾರಿ ಬ್ಯಾಂಕುಗಳು ಸಾಮಾನ್ಯವಾಗಿ ಆಸ್ತಿ ಕೇಳುತ್ತವೆ. ಪರದೇಶ ಅಂದರೆ ಏಳೂವರೆ ಲಕ್ಷ ಎಲ್ಲಿಗೂ ಸಾಲದು. ಹಾಗಾದರೆ ಆಸ್ತಿ ಯಾವುದು? ಮುಂಬೈ ಕನ್ನಡಿಗರ ಮನೆಗಳಲ್ಲಿ ಇಲ್ಲೇ ಎಡವಟ್ಟು. ಪಗಡಿ ಕೊಟ್ಟು ಹಿಡಿದ ಹಳೆಯ ಬಾಡಿಗೆ ಖೋಲಿ ಇದ್ದರೆ ಅದನ್ನು ಅಡ ಇಡಲು ಬರುವುದಿಲ್ಲ, ಮಾಲೀಕರು ನೀವಲ್ಲ. ಫ್ಲ್ಯಾಟ್ ಇದ್ದರೆ ಓಸಿ (ವಾಸಕ್ಕೆ ಯೋಗ್ಯ ಅನ್ನುವ ಆಕ್ಯುಪೆನ್ಸಿ ಸರ್ಟಿಫಿಕೇಟ್) ಇದೆಯಾ ನೋಡು. ಊರಲ್ಲಿ ಗದ್ದೆ ಇದೆ, ಅದನ್ನೇ ಇಡೋಣ ಅಂತ ಎಲ್ಲ ಹೇಳುತ್ತಾರೆ. ಕೃಷಿ ಭೂಮಿಯನ್ನು ಶಿಕ್ಷಣ ಸಾಲಕ್ಕೆ ಬ್ಯಾಂಕುಗಳು ಸಾಮಾನ್ಯವಾಗಿ ಒಪ್ಪುವುದಿಲ್ಲ, ಸಾಲ ಮುಳುಗಿದರೆ ಅದನ್ನು ಜಪ್ತಿ ಮಾಡುವುದು ಕಷ್ಟ. ಎಫ್‌ಡಿ, ಎಲ್‌ಐಸಿ ಬಾಂಡ್ ನಡೆಯುತ್ತವೆ. ನಿನ್ನ ದೊಡ್ಡಪ್ಪ ಕೇಳಿದ್ದು ಪೂರ್ತಿ ತಪ್ಪಲ್ಲ ನೋಡು, ಪಾಲಿಸಿ ಓದಲು ಪಾಲಿಸಿಯೇ ಬೇಕಾಗಬಹುದು!

ಸ್ಲೋ ಲೋಕಲ್:
ಕಾಕಾ, ನಮ್ಮ ಬಿಲ್ಡಿಂಗಿಗೆ ಓಸಿ ಇಲ್ಲ. ಈ ಮಾತು ಮನೆಯಲ್ಲಿ ಹಬ್ಬದ ದಿನ ಯಾರೂ ಎತ್ತುವುದಿಲ್ಲ. ಬಿಲ್ಡರ್ ಎಲ್ಲಿದ್ದಾನೆ ಅಂತ ಸೊಸೈಟಿಯವರಿಗೂ ಗೊತ್ತಿಲ್ಲ.

ಕೋಥ್ರೂಡ್ ಕಾಕಾ:
ಗೊತ್ತಿತ್ತು, ಅದಕ್ಕೇ ಕೇಳಿದೆ. ಹಾಗಿದ್ದರೆ ಆ ಫ್ಲ್ಯಾಟನ್ನು ನಂಬಿ ಕೂರಬೇಡ. ಮುಂಬೈಯಲ್ಲೇ ಎರಡು ಬಾಗಿಲಿವೆ. ಜೆ.ಎನ್. ಟಾಟಾ ಎಂಡೋಮೆಂಟ್, ಜಮ್‌ಶೆಟ್‌ಜಿ ಟಾಟಾ 1892ರಲ್ಲಿ ಶುರು ಮಾಡಿದ್ದು. ಪರದೇಶದ ಓದಿಗೆ ಸಾಲದ ರೂಪದ ಸ್ಕಾಲರ್‌ಶಿಪ್. ಇನ್ನೊಂದು ಕೆ.ಸಿ. ಮಹೀಂದ್ರಾ ಸ್ಕಾಲರ್‌ಶಿಪ್, ಬಡ್ಡಿಯಿಲ್ಲದ ಸಾಲ. ಎರಡಕ್ಕೂ ಸಂದರ್ಶನ ಇದೆ. ಎರಡೂ ಸೇರಿದರೂ ಪೂರ್ತಿ ಖರ್ಚು ತುಂಬುವುದಿಲ್ಲ, ತಿಳಿದಿರಲಿ.

ಇಲ್ಲೇ ಓದಿದರೆ ಕಷ್ಟ ಕಡಿಮೆ. 2024ರ ಕೊನೆಗೆ ಪಿಎಂ ವಿದ್ಯಾಲಕ್ಷ್ಮಿ ಅಂತ ಯೋಜನೆ ಬಂದಿದೆ. ಅದರ ಪಟ್ಟಿಯಲ್ಲಿರುವ ಸಂಸ್ಥೆಗಳಿಗೆ ಅಡವೂ ಬೇಡ, ಜಾಮೀನುದಾರರೂ ಬೇಡ. ಐಐಟಿಗೆ ಸಾಲ ಕೊಡಲು ಬ್ಯಾಂಕಿನವರು ಹಿಂದೆಮುಂದೆ ನೋಡಿದ್ದನ್ನು ನಾನು ಕಂಡಿಲ್ಲ.

ವಾಸ್ಕೋ ಬಾಗಲಕೋಟೆ:
ಸ್ಕಾಲರ್‌ಶಿಪ್ ವಿಷಯದಲ್ಲಿ ಸೋತವನ ಮಾತೂ ಕೇಳಿ. ನಾನು ಬ್ರಿಟಿಷ್ ಸರ್ಕಾರದ ಶೆವನಿಂಗ್ ಸ್ಕಾಲರ್‌ಶಿಪ್‌ಗೆ ಎರಡು ಸಲ ಹಾಕಿ ಎರಡು ಸಲವೂ ಆಗಲಿಲ್ಲ. ಯುಕೆಯಲ್ಲಿ ಒಂದು ವರ್ಷದ ಮಾಸ್ಟರ್ಸ್, ಖರ್ಚು ಅವರದೇ. 2,800 ಗಂಟೆ ಕೆಲಸದ ಅನುಭವ ಬೇಕು, ಅಂದರೆ ಸುಮಾರು ಎರಡು ವರ್ಷ. ನಿಮಗೆ ಆಗುತ್ತದೆ. ಓದಿದ ಮೇಲೆ ಎರಡು ವರ್ಷ ವಾಪಸ್ ಬಂದು ಇಲ್ಲಿರಬೇಕು. ಆಗಸ್ಟ್‌ನಲ್ಲಿ ತೆರೆದು ಅಕ್ಟೋಬರ್ ಸುಮಾರಿಗೆ ಮುಚ್ಚುತ್ತಾರೆ, ತಡಮಾಡಬೇಡಿ.

ಅಮೆರಿಕದಲ್ಲಿ ಓದಲು ಕೊಡುವ ಫುಲ್‌ಬ್ರೈಟ್-ನೆಹರು ಈಗ ನಿಮಗೆ ಆಗುವುದಿಲ್ಲ. ಮೂರು ವರ್ಷದ ಅನುಭವ ಕೇಳುತ್ತಾರೆ. ಜೊತೆಗೆ ನಾಲ್ಕು ವರ್ಷದ ಡಿಗ್ರಿ ಬೇಕು. ನಮ್ಮ ಮೂರು ವರ್ಷದ ಬಿ.ಕಾಂ ಇದ್ದರೆ ಅದರ ಮೇಲೆ ಮಾಸ್ಟರ್ಸೋ ಪಿಜಿ ಡಿಪ್ಲೊಮಾವೋ ಆಗಿರಬೇಕು.

ನಾನು ಯಾಕೆ ಸೋತೆ ಅಂದರೆ, ನಿಮ್ಮ ಪ್ಯಾರಾದಂಥದ್ದನ್ನೇ ಬರೆದಿದ್ದೆ. ಲೀಡರ್‌ಶಿಪ್ ಪ್ರಬಂಧದಲ್ಲಿ ಕಾಲೇಜಿನ ರಕ್ತದಾನ ಶಿಬಿರ! ನಮ್ಮಪ್ಪ ಬಾಗಲಕೋಟೆಯಿಂದ ಬಂದು ವಾಸ್ಕೋ ಬಂದರಿನಲ್ಲಿ ಹಮಾಲಿ ಮಾಡಿದವರು. ಹತ್ತು ವರ್ಷ ನಮ್ಮ ಮನೆಗೆ ರೇಷನ್ ಕಾರ್ಡ್ ಆಗಲಿಲ್ಲ, ಯಾವ ಕಾಗದ ಇಲ್ಲದೆ ಯಾವ ಕಾಗದ ಆಗುವುದಿಲ್ಲ ಅನ್ನುವುದನ್ನು ಹನ್ನೆರಡನೇ ವಯಸ್ಸಿಗೇ ಕಲಿತಿದ್ದೆ. ಅದನ್ನು ಬರೆಯಲೇ ಇಲ್ಲ. ನಾಚಿಕೆ ಆಯಿತು ಅಂತ ಈಗ ಅನಿಸುತ್ತದೆ. ರಕ್ತದಾನ ಬರೆದೆ.

ಮಾಟುಂಗಾ ಫಿಲ್ಟರ್ ಕಾಫಿ:
ವಾಸ್ಕೋ ಅವರೇ, ಈ ಕಾಗದದ ಮಾತನ್ನೇ ಬರೆದು ಮೂರನೇ ಸಲ ಹಾಕಿ. ನಾನು ಓದಿ ಕೊಡುತ್ತೇನೆ, ಫೀಸು ಇಲ್ಲ.

ಮಗಳೇ ಸ್ಲೋ ಲೋಕಲ್, ನಿನಗೂ ಅದೇ ಪ್ರಶ್ನೆ. ಎರಡೂವರೆ ವರ್ಷ ಶಾಲೆ ಶಾಲೆ ತಿರುಗಿದ್ದೀಯ. ಎಲ್ಲಾದರೂ "ಇದು ಯಾಕೆ ಹೀಗೆ?" ಅಂತ ತಲೆ ಕೆಟ್ಟದ್ದು ಇದೆಯಾ? ದೊಡ್ಡದು ಬೇಡ. ಸಣ್ಣದು.

ಸ್ಲೋ ಲೋಕಲ್:
ಒಂದಿದೆ ಮೇಡಂ. ಎಸ್‌ಒಪಿಗೆ ಆಗುತ್ತದೋ ಇಲ್ಲವೋ, ಸುಮ್ನೆ ಹೇಳುತ್ತೇನೆ.

ನಾನು ಏಳನೇವರೆಗೆ ಓದಿದ್ದು ಮುನ್ಸಿಪಲ್ ಕನ್ನಡ ಶಾಲೆಯಲ್ಲಿ. ಆಗ ಕುರ್ಲಾದಲ್ಲಿದ್ದೆವು. ಮಳೆಗಾಲದಲ್ಲಿ ಕ್ಲಾಸಿನಲ್ಲಿ ಹತ್ತೊಂಬತ್ತು ಮಂದಿ. ದೀಪಾವಳಿ ಆದ ಮೇಲೆ ಯಾದಗಿರಿ, ಕಲಬುರಗಿ ಕಡೆಯ ಮಕ್ಕಳು ಬರುತ್ತಿದ್ದರು. ಊರಲ್ಲಿ ಸುಗ್ಗಿ ಮುಗಿಸಿ ಅಪ್ಪಅಮ್ಮ ಇಲ್ಲಿ ಕಟ್ಟಡದ ಕೆಲಸಕ್ಕೆ ಬರುವವರು. ಯುಗಾದಿ ಹೊತ್ತಿಗೆ ಮತ್ತೆ ಹೋಗುತ್ತಿದ್ದರು. ನಾಲ್ಕನೇ ಕ್ಲಾಸಿನಲ್ಲಿ ಸಂಕ್ರಾಂತಿ ದಿನ ಟೀಚರ್ ಹಾಜರಿ ಪುಸ್ತಕ ನೋಡಿ ಎಣಿಸಿ ತಿಳ್‌ಗುಳ್ ಲಡ್ಡು ತಂದಿದ್ದರು. ಸಾಲಲಿಲ್ಲ. ಟೇಬಲ್ ಅಂಚಿಗೆ ಲಡ್ಡು ಒತ್ತಿ ಒತ್ತಿ ಮುರಿದು ಅರ್ಧರ್ಧ ಕೊಟ್ಟರು. ಎಳ್ಳು ಎಲ್ಲ ನೆಲಕ್ಕೆ. ನನಗೆ ಸಿಕ್ಕಿದ್ದೂ ಅರ್ಧ, ನಾನು ಅತ್ತಿದ್ದೆ.

ಹೋದ ವರ್ಷ ಕೆಲಸದ ಮೇಲೆ ಅಂಥದ್ದೇ ಒಂದು ಶಾಲೆಗೆ ಹೋದೆ. ಶಿಕ್ಷಕರ ಹುದ್ದೆ ಎಷ್ಟು ಅನ್ನುವುದನ್ನು ಸೆಪ್ಟೆಂಬರ್ 30ರ ಮಕ್ಕಳ ಸಂಖ್ಯೆ ಹಿಡಿದು ಲೆಕ್ಕ ಹಾಕುತ್ತಾರೆ ಅಂತ ಹೆಡ್ ಟೀಚರ್ ಹೇಳಿದರು. ಆಗ ತಲೆಯಲ್ಲಿ ಲಡ್ಡು ಮುರಿದ ಸದ್ದು ಬಂತು. ಆ ಮಕ್ಕಳು ಬರುವುದೇ ಸೆಪ್ಟೆಂಬರ್ ಆದ ಮೇಲೆ, ಅಲ್ವಾ?

ಪೊವಾಯಿ ಕೆರೆದಂಡೆ:
ಅಯ್ಯೋ ಮಾರಾಯ್ತಿ, ಇದನ್ನು ಜೇಬಲ್ಲಿಟ್ಟುಕೊಂಡು "ಬಾಲ್ಯದಿಂದಲೂ ಅಪಾರ ಆಸಕ್ತಿ" ಅಂತ ಬರೆದಿದ್ದೀರಾ?

ಮಾಟುಂಗಾ ಫಿಲ್ಟರ್ ಕಾಫಿ:
ಬೀಗ ಸಿಕ್ಕಿತು.

ಘಾಟ್‌ಕೋಪರ್ ಗಿರಿ:
ಇದು ಚೆನ್ನಾಗಿದೆ, ಒಪ್ಪುತ್ತೇನೆ. ಆದರೆ ಲಂಡನ್, ಬಾಸ್ಟನ್‌ನಲ್ಲಿ ಕೂತವರಿಗೆ ಕುರ್ಲಾದ ಕನ್ನಡ ಶಾಲೆ ಏನು ಅರ್ಥವಾಗುತ್ತದೆ?

ಮಾಟುಂಗಾ ಫಿಲ್ಟರ್ ಕಾಫಿ:
ಒಂದೇ ಸಾಲು ಸಾಕು ಗಿರಿ. ಮುಂಬೈ ಮಹಾನಗರಪಾಲಿಕೆ ಎಂಟು ಭಾಷೆಗಳಲ್ಲಿ ಶಾಲೆ ನಡೆಸುತ್ತದೆ, ಅದರಲ್ಲಿ ಕನ್ನಡವೂ ಒಂದು ಅಂತ. ಇದನ್ನು ಕೇಳಿದರೆ ಇಲ್ಲಿಯವರೇ ಹುಬ್ಬೇರಿಸುತ್ತಾರೆ. ಲಡ್ಡುವನ್ನು ಯಾರಿಗೂ ಅನುವಾದ ಮಾಡಿ ಕೊಡಬೇಕಿಲ್ಲ.

ವಾಸ್ಕೋ ಬಾಗಲಕೋಟೆ:
ಈಗ ನಾನು ಸ್ವಲ್ಪ ಕಾಡುತ್ತೇನೆ, ತಪ್ಪು ತಿಳಿಯಬೇಡಿ. ಸಂದರ್ಶನದಲ್ಲಿ ಇದನ್ನೇ ಮಾಡುತ್ತಾರೆ.

ಸೆಪ್ಟೆಂಬರ್ ಬಿಟ್ಟು ಜನವರಿಯಲ್ಲಿ ಎಣಿಸಿದರೆ ಸರಿಹೋಗುತ್ತದಾ? ಆಗ ಆ ಮಕ್ಕಳ ಯಾದಗಿರಿ ಶಾಲೆಯಲ್ಲಿ ಸಂಖ್ಯೆ ಕಡಿಮೆ ಆಗುತ್ತದೆ. ಅಲ್ಲಿಯ ಟೀಚರ್ ಹುದ್ದೆ ಹೋಗುತ್ತದೆ. ಜೂನ್‌ನಲ್ಲಿ ಮಕ್ಕಳು ವಾಪಸ್ ಹೋದರೆ ಅಲ್ಲಿ ಕಲಿಸುವವರು ಯಾರು? ಎರಡು ಕಡೆಯೂ ಎಣಿಸಿದರೆ ಒಂದು ಮಗುವಿಗೆ ಎರಡು ಸರ್ಕಾರ ದುಡ್ಡು ಹಾಕಿದಂತೆ. ಎಣಿಕೆಯಲ್ಲಿ ಸುಳ್ಳು ಹೆಸರು ಸೇರಿಸುವ ಚಾಳಿಗೂ ದಾರಿ. ಏನು ಹೇಳುತ್ತೀರಿ?

ಸ್ಲೋ ಲೋಕಲ್:
ಗೊತ್ತಿಲ್ಲ ಅಣ್ಣ. ನಾನು ಜನವರಿ ಅಂತಲೇ ಬರೆಯಬೇಕು ಅಂದುಕೊಂಡಿದ್ದೆ. ಯಾದಗಿರಿ ಕಡೆಯಿಂದ ಯೋಚನೆಯೇ ಮಾಡಿರಲಿಲ್ಲ.

ವಾಸ್ಕೋ ಬಾಗಲಕೋಟೆ:
ಅದಕ್ಕೇ ಕೇಳಿದೆ. ನಾನು ಇದನ್ನು ಕಲಿತದ್ದು ಮಹದಾಯಿ ನದಿಯ ಜಗಳದಿಂದ. ಗೋವಾದಲ್ಲಿ ಅದಕ್ಕೇ ಮಾಂಡವಿ ಅನ್ನುತ್ತಾರೆ. ಗೋವಾದಲ್ಲಿ ಹುಟ್ಟಿದ ಬಾಗಲಕೋಟೆಯವನ ಪಾಡು ಯೋಚಿಸಿ. ಕಾಲೇಜಿನಲ್ಲಿ ಗೆಳೆಯರು "ನಮ್ಮ ಮಾಂಡವಿ ಬತ್ತಿದರೆ?" ಅನ್ನುತ್ತಿದ್ದರು. ಊರಿಗೆ ಹೋದರೆ ಸೋದರಮಾವ "ಮಲಪ್ರಭೆಗೆ ನೀರು ಬಿಡಲ್ಲ ಅಂತೀರಲ್ಲ ನೀವು ಗೋವಾದವರು" ಅಂತ ನನ್ನನ್ನೇ ಬೈಯುತ್ತಿದ್ದರು. 2010ರಲ್ಲಿ ಟ್ರಿಬ್ಯುನಲ್ ಆಯಿತು. 2018ರಲ್ಲಿ ತೀರ್ಪು: ಕರ್ನಾಟಕಕ್ಕೆ 13.42 ಟಿಎಂಸಿ, ಗೋವಾಕ್ಕೆ 24, ಮಹಾರಾಷ್ಟ್ರಕ್ಕೆ 1.33. ಎರಡೂ ಕಡೆ ಜನ ಖುಷಿಯಾಗಲಿಲ್ಲ. ನಾನು ಅವತ್ತು ಒಂದು ಹಾಳೆ ತಗೊಂಡು ಎಡಗಡೆ ಮಾವನ ಮಾತು, ಬಲಗಡೆ ಗೆಳೆಯನ ಮಾತು ಬರೆದೆ. ಇಬ್ಬರದೂ ಅವರವರ ಜಾಗದಲ್ಲಿ ಸರಿಯಾಗಿತ್ತು. ನೀವೂ ಹಾಗೇ ಒಂದು ಹಾಳೆ ಮಾಡಿ. ಕುರ್ಲಾ ಟೀಚರ್, ಯಾದಗಿರಿ ಟೀಚರ್, ಲೆಕ್ಕ ಇಡುವ ಗುಮಾಸ್ತ, ಮಗುವಿನ ಅಮ್ಮ.

ಪೊವಾಯಿ ಕೆರೆದಂಡೆ:
ಕಾನೂನನ್ನೂ ಸೇರಿಸಿ. 2009ರ ಶಿಕ್ಷಣ ಹಕ್ಕು ಕಾಯ್ದೆಯ (ಆರ್‌ಟಿಇ) 15ನೇ ಸೆಕ್ಷನ್ ಪ್ರಕಾರ ತಡವಾಗಿ ಬಂದ ಅಂತ ಮಗುವಿಗೆ ಪ್ರವೇಶ ನಿರಾಕರಿಸುವಂತಿಲ್ಲ. ಅದೇ ಕಾಯ್ದೆ ಪ್ರಾಥಮಿಕ ಶಾಲೆಯಲ್ಲಿ 30 ಮಕ್ಕಳಿಗೆ ಒಬ್ಬ ಶಿಕ್ಷಕ ಅನ್ನುತ್ತದೆ. ಬಾಗಿಲು ವರ್ಷವಿಡೀ ತೆರೆದಿದೆ, ಎಣಿಕೆ ಮಾತ್ರ ಒಂದು ದಿನ. ನಿಮ್ಮ ಪ್ರಶ್ನೆ ಇಲ್ಲಿದೆ. ಉತ್ತರ ಬರೆಯಲೇಬೇಡಿ. ಉತ್ತರ ಗೊತ್ತಿದ್ದರೆ ಎರಡು ವರ್ಷ ಓದುವುದು ಯಾಕೆ ಅಂತ ಅವರು ಕೇಳುತ್ತಾರೆ. "ಇದನ್ನು ಬಿಡಿಸಲು ನನಗೆ ಅಂಕಿಅಂಶ ಶಾಸ್ತ್ರ ಬೇಕು, ಸರ್ಕಾರದ ಬಜೆಟ್ ಹೇಗೆ ಹರಿಯುತ್ತದೆ ಅನ್ನುವುದು ಬೇಕು, ಅದಕ್ಕೆ ನಿಮ್ಮ ಈ ಕೋರ್ಸು" ಅಂತ ಬರೆಯಿರಿ. ಒಂದೊಂದು ಕಾಲೇಜಿಗೆ ಒಂದೊಂದು ಪೇಪರಿನ ಹೆಸರು ಹುಡುಕಿ ಹಾಕಿ. ಬರೀ ಕಾಲೇಜಿನ ಹೆಸರು ಬದಲಿಸಿದ ಎಸ್‌ಒಪಿ ಒಂದೇ ನೋಟದಲ್ಲಿ ಗೊತ್ತಾಗುತ್ತದೆ. ಕೆಲವರು ಹೆಸರು ಬದಲಿಸಲೂ ಮರೆಯುತ್ತಾರೆ. ನಾನೂ ಒಬ್ಬ. ಯಾವ ಕಾಲೇಜು ಅಂತ ಕೇಳಬೇಡಿ.

ಸಂದರ್ಶನದ ತಯಾರಿಗೆ ಇನ್ನೊಂದನ್ನು ಓದಿಕೊಳ್ಳಿ. ಖಾಸಗಿ ಶಾಲೆಗಳಲ್ಲಿ 25 ಶೇಕಡಾ ಸೀಟು ಬಡ ಮಕ್ಕಳಿಗೆ ಕೊಡಬೇಕು ಅನ್ನುವುದು ಆರ್‌ಟಿಇಯಲ್ಲಿದೆ ಅಲ್ವಾ, ಒಂದು ಕಿಲೋಮೀಟರ್ ಒಳಗೆ ಸರ್ಕಾರಿ ಇಲ್ಲವೇ ಅನುದಾನಿತ ಶಾಲೆ ಇದ್ದರೆ ಅದು ಬೇಡ ಅಂತ ಮಹಾರಾಷ್ಟ್ರ 2024ರ ಫೆಬ್ರವರಿಯಲ್ಲಿ ನಿಯಮ ತಂದಿತು. ಜುಲೈಯಲ್ಲಿ ಬಾಂಬೆ ಹೈಕೋರ್ಟ್ ಅದನ್ನು ರದ್ದು ಮಾಡಿತು. ಸರ್ಕಾರದ ವಾದ, ಪೋಷಕರ ವಾದ ಎರಡನ್ನೂ ಮೂರು ಮೂರು ನಿಮಿಷ ಬಾಯಿಬಿಟ್ಟು ಹೇಳಿ ಅಭ್ಯಾಸ ಮಾಡಿ. ಲೋಕಲ್‌ನಲ್ಲಿ ಬೇಡ, ಪಕ್ಕದವರು ಹೆದರುತ್ತಾರೆ.

ಸ್ಲೋ ಲೋಕಲ್:
ಹೊರಗಿನ ಕಾಲೇಜುಗಳು ಕೇಳುವ ಜಿಆರ್‌ಇ ಪರೀಕ್ಷೆ ಬರೆಯಲಾ? ಗಣಿತ ಹನ್ನೆರಡನೇಯಲ್ಲಿ ಬಿಟ್ಟದ್ದು. ಬಿ.ಕಾಂನಲ್ಲಿ ಬರೀ ಬಿಸಿನೆಸ್ ಮ್ಯಾಥ್ಸ್.

ಪೊವಾಯಿ ಕೆರೆದಂಡೆ:
ಇಲ್ಲಿಯ ಕೋರ್ಸುಗಳಿಗೆ ಬೇಡ. ಹೊರಗೆ ಕೆಲವು ಕಡೆ ಬೇಕು, ಕೆಲವು ಕಡೆ ಐಚ್ಛಿಕ, ಒಂದೊಂದರ ಪುಟ ತೆಗೆದು ನೋಡಬೇಕು. 2023ರ ಸೆಪ್ಟೆಂಬರ್‌ನಿಂದ ಪರೀಕ್ಷೆ ಚಿಕ್ಕದಾಗಿದೆ, 1 ಗಂಟೆ 58 ನಿಮಿಷ. ಪ್ರಬಂಧ ಒಂದೇ. ಅಂಕ ಐದು ವರ್ಷ ನಡೆಯುತ್ತದೆ. ನಿಮ್ಮಂಥವರು ಬರೆಯುವುದು ಒಳ್ಳೆಯದು ಅಂತ ನನ್ನ ಅಭಿಪ್ರಾಯ. ಮಾರ್ಕ್ಸ್ ಕಾರ್ಡಿನಲ್ಲಿ ಗಣಿತ ಇಲ್ಲದವರಿಗೆ ಅದರ ಗಣಿತ ಭಾಗದ ಕ್ವಾಂಟ್ ಸ್ಕೋರೇ ಸಾಕ್ಷಿ. ಜೊತೆಗೆ ಸರ್ಕಾರದ ಆನ್‌ಲೈನ್ ಕೋರ್ಸುಗಳ ತಾಣ ಸ್ವಯಂನಲ್ಲಿ ಅಂಕಿಅಂಶ, ಮೈಕ್ರೋ ಎಕನಾಮಿಕ್ಸ್ ಒಂದೊಂದು ಕೋರ್ಸ್ ಮಾಡಿ.

ಮಾಟುಂಗಾ ಫಿಲ್ಟರ್ ಕಾಫಿ:
ರೆಕಮೆಂಡೇಶನ್ ಲೆಟರ್ ಬಗ್ಗೆ ಯಾರೂ ಮಾತಾಡಿಲ್ಲ. ಹೊರಗಿನವರು ಎರಡೋ ಮೂರೋ ಕೇಳುತ್ತಾರೆ. ನಮ್ಮವರ ಮೊದಲ ಯೋಚನೆ ಏನು ಗೊತ್ತಾ? ಸಂಘದ ಅಧ್ಯಕ್ಷರ ಲೆಟರ್‌ಹೆಡ್! ಒಬ್ಬ ಹುಡುಗ ಕಾರ್ಪೊರೇಟರ್ ಪತ್ರ ತಂದು ತೋರಿಸಿದ. "ಇವರನ್ನು ನಾನು ಚಿಕ್ಕಂದಿನಿಂದ ಬಲ್ಲೆ, ಸದ್ವರ್ತನೆಯವರು." ಅದು ಪಾಸ್‌ಪೋರ್ಟಿಗೆ ಆದೀತು.

ನಿನ್ನ ಕೆಲಸ ಕಣ್ಣಾರೆ ನೋಡಿದವರು ಬರೆಯಬೇಕು. "ನೀನೇ ಬರೆದು ತಾ, ಸೈನ್ ಹಾಕುತ್ತೇನೆ" ಅನ್ನುವ ಬಾಸ್‌ಗಳೇ ಜಾಸ್ತಿ. ಒಪ್ಪಬೇಡ, ಮೂರೂ ಪತ್ರ ಒಂದೇ ಕೈಯ ಭಾಷೆಯಲ್ಲಿದ್ದರೆ ಗೊತ್ತಾಗುತ್ತದೆ. ಅದರ ಬದಲು ಒಂದು ಪುಟದಲ್ಲಿ ನೆನಪಿನ ಚೀಟಿ ಮಾಡಿ ಕೊಡು. ಯಾವ ವರ್ಷ ಯಾವ ಕೆಲಸ, ಎಲ್ಲಿ ತಪ್ಪಾಯಿತು, ಹೇಗೆ ಸರಿ ಮಾಡಿದೆ. ಅವರು ಅವರ ಮಾತಲ್ಲಿ ಬರೆಯಲಿ. ಕಾಲೇಜಿನ ಮೇಷ್ಟ್ರಿಗೆ ದೀಪಾವಳಿ ರಜೆಗೆ ಮುಂಚೆಯೇ ಕೇಳು. ಡಿಸೆಂಬರ್ ಕೊನೆ ವಾರ ಫೋನ್ ಮಾಡುವವರಿಗೆ ನಾನೂ ಎತ್ತುವುದಿಲ್ಲ.

ಟ್ರಾನ್ಸ್‌ಕ್ರಿಪ್ಟಿಗೆ, ಅಂದರೆ ಯೂನಿವರ್ಸಿಟಿ ಕೊಡುವ ಎಲ್ಲ ವರ್ಷದ ಅಂಕಪಟ್ಟಿಗೆ, ಇವತ್ತೇ ಅರ್ಜಿ ಹಾಕು.

ಸ್ಲೋ ಲೋಕಲ್:
ಹಾಕಿದ್ದೇನೆ ಮೇಡಂ. ಮೂರು ಸಲ ಹೋದೆ. ಮೊದಲ ಸಲ ಊಟದ ಹೊತ್ತು. ಎರಡನೇ ಸಲ ಆನ್‌ಲೈನ್‌ನಲ್ಲಿ ಕಟ್ಟಿ ಅಂದರು. ಮೂರನೇ ಸಲ ಆನ್‌ಲೈನ್‌ನಲ್ಲಿ ಕಟ್ಟಿದ್ದಕ್ಕೆ ಕಾಗದದ ರಸೀದಿ ತನ್ನಿ ಅಂದರು. ಇದರ ಮೇಲೂ ಒಂದು ಎಸ್‌ಒಪಿ ಬರೆಯಬಹುದು.

ಮುಲುಂಡ್ ಮೂಡಬಿದ್ರೆ:
ನಡುವೆ ಬಾಯಿ ಹಾಕುತ್ತೇನೆ, ಕ್ಷಮಿಸಿ. ನಮ್ಮದು ಕರ್ನಾಟಕದಲ್ಲಿ ಹಿಂದುಳಿದ ವರ್ಗ. ಅಪ್ಪ ಮುಂಬೈಗೆ ಬಂದದ್ದು 1975ರಲ್ಲಿ. ಇಲ್ಲಿ ಒಬಿಸಿ ಸರ್ಟಿಫಿಕೇಟ್ ಕೊಡುವುದಿಲ್ಲ ಅನ್ನುತ್ತಾರೆ. ನಾನೂ ಐಐಟಿಗೆ ಹಾಕುವವನು. ಜನರಲ್‌ನಲ್ಲೇ ಹಾಕಬೇಕಾ?

ಕೋಥ್ರೂಡ್ ಕಾಕಾ:
ಒಳ್ಳೆ ಪ್ರಶ್ನೆ, ಇದರಲ್ಲಿ ಎಷ್ಟೋ ಹುಡುಗರು ಸುಮ್ಮನೆ ಸೀಟು ಕಳೆದುಕೊಂಡಿದ್ದಾರೆ. ಮಹಾರಾಷ್ಟ್ರದ ಒಬಿಸಿ ಬೇಕಾದರೆ 1967ರ ಅಕ್ಟೋಬರ್ 13ಕ್ಕೆ ಮೊದಲೇ ಕುಟುಂಬ ಇಲ್ಲಿ ನೆಲೆಸಿದ್ದಕ್ಕೆ ದಾಖಲೆ ಕೇಳುತ್ತಾರೆ. ನಿನ್ನ ಅಪ್ಪ ತಡವಾಗಿ ಬಂದರು. ಆದರೆ ಐಐಟಿ, ಟಿಸ್‌ಗೆ ಬೇಕಾದದ್ದು ಕೇಂದ್ರದ ಪಟ್ಟಿ. ಅದು ರಾಜ್ಯವಾರು ಇರುತ್ತದೆ. ಕರ್ನಾಟಕದ ಕೇಂದ್ರ ಪಟ್ಟಿಯಲ್ಲಿ ನಿಮ್ಮ ಜಾತಿ ಇದೆಯಾ ಮೊದಲು ನೋಡು. ಇದ್ದರೆ ಅಪ್ಪನ ಊರಿನ ತಹಶೀಲ್ದಾರ್ ಕಚೇರಿಯಲ್ಲಿ ಕೇಂದ್ರದ ನಮೂನೆಯಲ್ಲೇ ಮಾಡಿಸಲು ವಿಚಾರಿಸು. ರಾಜ್ಯದ 2ಎ ಸರ್ಟಿಫಿಕೇಟ್ ತಂದು ಕೊಟ್ಟರೆ ನಡೆಯುವುದಿಲ್ಲ. ನಾನ್ ಕ್ರೀಮಿ ಲೇಯರ್‌ಗೆ ವರ್ಷಕ್ಕೆ 8 ಲಕ್ಷದ ಮಿತಿ. ಸರ್ಟಿಫಿಕೇಟಿನ ಮೇಲಿನ ತಾರೀಖು ಹಳೆಯದಾಗಿದ್ದರೆ ವಾಪಸ್ ಕಳಿಸುತ್ತಾರೆ, ಏಪ್ರಿಲ್ ಆದ ಮೇಲೆ ಹೊಸದು ಬೇಕಾಗುತ್ತದೆ.

ಮುಲುಂಡ್ ಮೂಡಬಿದ್ರೆ:
ಕಾಕಾ, ಹತ್ತು ಸಾವಿರ ಕೇಳಿದ ಏಜೆಂಟ್ ಇದರಲ್ಲಿ ಅರ್ಧವನ್ನೂ ಹೇಳಿರಲಿಲ್ಲ.

ಸ್ಲೋ ಲೋಕಲ್:
ನವೆಂಬರ್ ಆಯಿತು, ಮತ್ತೆ ಬಂದೆ. ಹೊಸ ಪ್ಯಾರಾ:

"ನಾಲ್ಕನೇ ತರಗತಿಯಲ್ಲಿ ಸಂಕ್ರಾಂತಿಯ ದಿನ ನಮ್ಮ ಟೀಚರ್ ಎಳ್ಳಿನ ಲಡ್ಡುಗಳನ್ನು ಮೇಜಿನ ಅಂಚಿಗೆ ಒತ್ತಿ ಮುರಿದರು. ಹಾಜರಿ ಪುಸ್ತಕದಲ್ಲಿ ಎಷ್ಟು ಹೆಸರಿತ್ತೋ ಅಷ್ಟು ಲಡ್ಡು ತಂದಿದ್ದರು. ಕೋಣೆಯಲ್ಲಿ ಅದಕ್ಕಿಂತ ಜಾಸ್ತಿ ಮಕ್ಕಳಿದ್ದರು. ಹದಿನೈದು ವರ್ಷದ ಮೇಲೆ, ಅಂಥದ್ದೇ ಒಂದು ಶಾಲೆಯಲ್ಲಿ ಮಾಹಿತಿ ತುಂಬುತ್ತಿದ್ದಾಗ, ಆ ವ್ಯತ್ಯಾಸಕ್ಕೆ ಒಂದು ತಾರೀಖು ಇದೆ ಅಂತ ಗೊತ್ತಾಯಿತು. ಎಣಿಸುವ ದಿನವನ್ನು ಬದಲಿಸಿದರೆ ಸಾಕು ಎಂದು ನಾನು ಮೊದಲು ನಂಬಿದ್ದೆ. ಈಗ ನಂಬುವುದಿಲ್ಲ. ಇಲ್ಲಿ ಒಬ್ಬ ಶಿಕ್ಷಕರನ್ನು ಉಳಿಸಿದರೆ ಆರುನೂರು ಕಿಲೋಮೀಟರ್ ದೂರದ ಇನ್ನೊಂದು ಶಾಲೆಯಲ್ಲಿ ಒಬ್ಬರನ್ನು ಕಳೆಯಬಹುದು."

ವಾಸ್ಕೋ ಅಣ್ಣ, ಕೊನೆಯ ಎರಡು ಸಾಲು ನಿಮ್ಮ ಹಾಳೆಯಿಂದ ಬಂದದ್ದು.

ಮಾಟುಂಗಾ ಫಿಲ್ಟರ್ ಕಾಫಿ:
ಇದಕ್ಕೆ ನನ್ನ ಕ್ಲಾಸಿನ ಬೇರೆ ಯಾರ ಹೆಸರೂ ಹಾಕಲು ಬರುವುದಿಲ್ಲ. ಒಂದು ಕಡೆ ಮಾತ್ರ ಕೈ ಹಾಕುತ್ತೇನೆ. "ಅತ್ತಿದ್ದೆ" ಅನ್ನುವುದನ್ನು ಬಿಟ್ಟಿದ್ದೀಯ, ಒಳ್ಳೆಯದಾಯಿತು. ಮತ್ತೆ ಸೇರಿಸಬೇಡ.

ಘಾಟ್‌ಕೋಪರ್ ಗಿರಿ:
ಎಲ್ಲೆಲ್ಲಿ ಹಾಕಿದಿರಿ ಕೊನೆಗೆ?

ಸ್ಲೋ ಲೋಕಲ್:
ಐಐಟಿ ಬಾಂಬೆ, ಲಾ ಸ್ಕೂಲ್, ಆಕ್ಸ್‌ಫರ್ಡ್. ಶೆವನಿಂಗ್ ಅಕ್ಟೋಬರ್‌ನಲ್ಲೇ ಕಳಿಸಿದೆ. ಅಮೆರಿಕ ಬಿಟ್ಟೆ. ಎರಡು ವರ್ಷದ ಲೆಕ್ಕ ಹಾಕಿ ಅಪ್ಪನಿಗೆ ತೋರಿಸಿದೆ. ಅವರು ಹೋಟೆಲಿನ ಬಿಲ್ ಪುಸ್ತಕದ ಹಿಂದೆ ತಾವೇ ಮತ್ತೊಮ್ಮೆ ಕೂಡಿಸಿ ನೋಡಿದರು. ಏನೂ ಹೇಳಲಿಲ್ಲ, ಟೀ ತರಿಸಿದರು. ನನಗೇ ಬೇಡ ಅನಿಸಿತು. ಪೊವಾಯಿ ಸಿಕ್ಕಿದರೆ ಖುಷಿಯಾಗಿ ಹೋಗುತ್ತೇನೆ, ಎರಡನೇ ಆಯ್ಕೆ ಅಂತಲ್ಲ.

ವಾಸ್ಕೋ ಬಾಗಲಕೋಟೆ:
ನಾನೂ ಮೂರನೇ ಸಲ ಕಳಿಸಿದೆ. ರೇಷನ್ ಕಾರ್ಡ್ ಬರೆದೆ. ಅಪ್ಪನಿಗೆ ಓದಿ ಹೇಳಿದಾಗ "ಇದನ್ನೆಲ್ಲ ಇಂಗ್ಲೆಂಡಿನವರಿಗೆ ಯಾಕೆ ಹೇಳಿದಿ?" ಅಂದರು. ಆಮೇಲೆ ಇನ್ನೊಮ್ಮೆ ಓದಿಸಿಕೊಂಡರು.

ಪೊವಾಯಿ ಕೆರೆದಂಡೆ:
ಜನವರಿ ಬಂತು, ಸ್ಲೋ ಲೋಕಲ್ ಸುದ್ದಿಯೇ ಇಲ್ಲ?

ಸ್ಲೋ ಲೋಕಲ್:
ಇದ್ದೇನೆ ಅಣ್ಣ. ಯಾವುದರದೂ ಉತ್ತರ ಬಂದಿಲ್ಲ. ಮೊನ್ನೆ ಸಂಕ್ರಾಂತಿಗೆ ಆ ಶಾಲೆಗೆ ಹೋಗಿದ್ದೆ, ಹೆಡ್ ಟೀಚರ್ ಕರೆದಿದ್ದರು. ಅಮ್ಮ ಲಡ್ಡು ಕಟ್ಟಿ ಕೊಟ್ಟರು.

ಕೋಥ್ರೂಡ್ ಕಾಕಾ:
ಸಾಕಾದವಾ ತಂಗಿ?

ಸ್ಲೋ ಲೋಕಲ್:
ನಾಲ್ಕನೇ ಕ್ಲಾಸಿನ ಸೆಪ್ಟೆಂಬರ್ ಪಟ್ಟಿಯಲ್ಲಿ 22 ಹೆಸರಿತ್ತು ಕಾಕಾ. ನಾನು 40 ಒಯ್ದಿದ್ದೆ. ಒಂಬತ್ತು ಉಳಿದವು.